ಓದುಗರ ಪ್ರಶ್ನೆ: ಒಂದಡಿ ಉದ್ದದ ಫ್ಲೈ ಕಟ್ಟಿದೆ, ನೀರಲ್ಲಿ ಯಾಕೆ ಈಜುತ್ತಿಲ್ಲ?

"ಸ್ಟ್ರೈಪರ್ ಮೀನಿನ ಗಾಳಕ್ಕೆ ಅಂತ 11 ಇಂಚಿನ, ಮೂರು ಕೀಲಿನ ಫ್ಲೈ ಕಟ್ಟಿದೆ. ಟೇಬಲ್ ಮೇಲೆ ನೋಡಲು ತುಂಬ ಚೆನ್ನಾಗಿತ್ತು. ನೀರಿಗೆ ಹಾಕಿ ಎಳೆದರೆ ನೆಲ ಒರೆಸುವ ಬಟ್ಟೆಯ ಹಾಗೆ ಸುಮ್ನೆ ಹಿಂದೆ ಬರುತ್ತದೆ, ಬಳುಕುವುದೇ ಇಲ್ಲ. ಎಸೆಯಲು ಹೋದರೆ ಹತ್ತು ಸಲಕ್ಕೇ ಭುಜ ಹಿಡಿದುಕೊಳ್ಳುತ್ತದೆ. ತಪ್ಪು ಎಲ್ಲಿದೆ?"

ಫ್ಲೈಗೆ ಕಟ್ಟಿದ ಕೂದಲು ಜಾಸ್ತಿಯಾಗಿದೆ. ನಿಮ್ಮ ಫ್ಲೈ ನಾನು ನೋಡಿಲ್ಲ. ಆದರೂ ಇಷ್ಟು ಧೈರ್ಯವಾಗಿ ಹೇಳುತ್ತೇನೆ, ಯಾಕೆಂದರೆ ಈ ಪ್ರಶ್ನೆ ಕೇಳಿದವರ ಫ್ಲೈ ಕೈಗೆ ಬಂದಾಗೆಲ್ಲ ನನಗೆ ಕಂಡದ್ದು ಇದೇ. ನಾನು ಮೊದಲು ಕಟ್ಟಿದ್ದರಲ್ಲೂ ಇದೇ ಆಗಿತ್ತು.

ಹೊಸಬರಿಗಾಗಿ ಎರಡು ಮಾತು. ಮಾಮೂಲಿ ಗಾಳದಲ್ಲಿ ತುದಿಯ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಗಾಳದಲ್ಲಿ ಉಲ್ಟಾ. ಇಲ್ಲಿ ಭಾರ ಇರುವುದು ದಪ್ಪನೆಯ ಲೈನಿನಲ್ಲಿ. ಆ ಲೈನು ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಹೋಗಿ, ಕೊಕ್ಕೆಗೆ ಗರಿ, ಕೂದಲು ಕಟ್ಟಿ ಮಾಡಿದ ಫ್ಲೈಯನ್ನು ಹೊತ್ತುಕೊಂಡು ಹೋಗುತ್ತದೆ. ಸ್ಟ್ರೈಪರ್ ಅಂದರೆ ಸ್ಟ್ರೈಪ್ಡ್ ಬಾಸ್, ಮೈಮೇಲೆ ಉದ್ದುದ್ದ ಕಪ್ಪು ಪಟ್ಟೆ ಇರುವ ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಮೀನು. ಚೆಸಪೀಕ್ ಕೊಲ್ಲಿಯ ನದಿಗಳಲ್ಲಿ, ಹಡ್ಸನ್ ನದಿಯಲ್ಲಿ ವಸಂತದಲ್ಲಿ ಮೊಟ್ಟೆ ಇಟ್ಟು, ಆಮೇಲೆ ದೊಡ್ಡವು ಉತ್ತರಕ್ಕೆ ಕೇಪ್ ಕಾಡ್, ಮೇನ್ ಕಡೆ ಹೊರಡುತ್ತವೆ. ನಾನಿರುವ ನ್ಯೂಜೆರ್ಸಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ರಾರಿಟನ್ ಕೊಲ್ಲಿಗೆ ಇವು ಬಂದವು ಅಂದರೆ ನನಗೆ ನಿದ್ದೆ ಬರುವುದಿಲ್ಲ.

ಇಷ್ಟು ದೊಡ್ಡ ಫ್ಲೈ ಯಾಕೆ ಬೇಕು? ಆಗ ಅವು ತಿನ್ನುವುದು ಮೆನ್‌ಹೇಡನ್ ಮೀನು, ಅದಕ್ಕೆ. ನ್ಯೂಜೆರ್ಸಿಯವರು ಅದನ್ನು ಬಂಕರ್ ಅನ್ನುತ್ತಾರೆ, ಮ್ಯಾಸಚೂಸೆಟ್ಸ್ ಕಡೆ ಪೋಗಿ. ಮಂಗಳೂರಿನವರಿಗೆ ಹೇಳಬೇಕೆಂದರೆ ನಮ್ಮ ಭೂತಾಯಿಯ ದೂರದ ನೆಂಟ, ಅದೇ ರೀತಿ ಎಣ್ಣೆ ತುಂಬಿದ, ಹಿಂಡು ಕಟ್ಟಿಕೊಂಡು ಓಡಾಡುವ ಮೀನು. ಆದರೆ ಬೆಳೆದ ಬಂಕರ್ 25-30 ಸೆಂಟಿಮೀಟರ್ ಇರುತ್ತದೆ, ಹೊಟ್ಟೆಯೂ ಅಗಲ. ಅದನ್ನು ತಿನ್ನುತ್ತಿರುವ ಮೀನಿಗೆ ಬೆರಳುದ್ದದ ಫ್ಲೈ ತೋರಿಸಿದರೆ ಹೆಚ್ಚಿನ ಸಲ ತಿರುಗಿಯೂ ನೋಡುವುದಿಲ್ಲ. ಅದೇ ಮೀನು ಬೇಸಿಗೆಯಲ್ಲಿ ಕಡ್ಡಿಯಂಥ ಸ್ಯಾಂಡ್ ಈಲ್ ತಿನ್ನುವಾಗ ಈ ದೊಡ್ಡ ಫ್ಲೈ ದಂಡ. ಆಗ ಸಣ್ಣದೇ ಕಟ್ಟಿ.

ಈಗ ನಿಮ್ಮ ಭುಜದ ನೋವಿಗೆ ಬರೋಣ. ಅದರ ಉತ್ತರ ಅಡುಗೆಮನೆಯ ತಕ್ಕಡಿಯಲ್ಲಿದೆ. 10 ನಂಬರಿನ ಲೈನಿನ (ನಂಬರ್ ಹೆಚ್ಚಿದಷ್ಟೂ ಲೈನು ಭಾರ) ಮೊದಲ 30 ಅಡಿಯ ತೂಕ 280 ಗ್ರೇನ್, ಅಂದರೆ ಸುಮಾರು 18 ಗ್ರಾಂ. ನಾನು ಮೊದಲು ಕಟ್ಟಿದ ದೊಡ್ಡ ಫ್ಲೈ ಒಣಗಿದ್ದಾಗ 7 ಗ್ರಾಂ ಇತ್ತು. ಪರವಾಗಿಲ್ಲ ಅನ್ನಿಸಿತ್ತು. ಬಾಲಕ್ಕೆ ಮೊಲದ ಚರ್ಮದ ಪಟ್ಟಿ ಹಾಕಿದ್ದೆ, ಮೈಗೆ ಎರಡು ಜಿಂಕೆ ಬಾಲದಷ್ಟು ಕೂದಲು ತುರುಕಿದ್ದೆ. ಒಂದು ದಿನ ಅದನ್ನು ನೀರಲ್ಲಿ ನೆನೆಸಿ, ಒಂದು ಸಲ ಒದರಿ, ಮತ್ತೆ ತಕ್ಕಡಿಗಿಟ್ಟೆ. 24 ಗ್ರಾಂ! 18 ಗ್ರಾಂ ಲೈನು 24 ಗ್ರಾಂ ಫ್ಲೈಯನ್ನು ಹೊರಬೇಕು ಅಂದರೆ ಹೇಗೆ? ಕರು ಎತ್ತನ್ನು ಎಳೆದ ಹಾಗೆ. ರಾಡು ಬದಲಿಸಿ, 12 ನಂಬರ್ ತಗೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮೊದಲು ಫ್ಲೈ ಬದಲಿಸಿ.

ಹಾಗಾದರೆ ಇಷ್ಟು ದೊಡ್ಡದಾಗಿ ಕಾಣಬೇಕು, ಭಾರವೂ ಇರಬಾರದು, ಹೇಗೆ ಸಾಧ್ಯ? ದೇವಸ್ಥಾನದಲ್ಲಿ ಉತ್ಸವದ ದಿನ ಬೀಸುವ ಚಾಮರ ನೆನಪಿಸಿಕೊಳ್ಳಿ. ಗಾಳಿಯಲ್ಲಿ ಎಷ್ಟು ದೊಡ್ಡದಾಗಿ ಅರಳುತ್ತದೆ, ಅಲ್ವಾ? ಮುಷ್ಟಿಯಲ್ಲಿ ಹಿಡಿದರೆ ಏನೂ ಇಲ್ಲ. ಅದರ ಗಾತ್ರ ಇರುವುದು ಕೂದಲಲ್ಲಿ ಅಲ್ಲ, ಕೂದಲು ಕೂದಲಿನ ನಡುವೆ ಇರುವ ಖಾಲಿ ಜಾಗದಲ್ಲಿ. ಈ ಮಾತು ಮನಸ್ಸಿಗೆ ಬಂದ ದಿನ ನನ್ನ ಕಟ್ಟುವ ರೀತಿಯೇ ಬದಲಾಯಿತು.

ಈ ಖಾಲಿ ಜಾಗವನ್ನು ಕಟ್ಟುವ ವಿದ್ಯೆಯನ್ನು ನಮಗೆಲ್ಲ ತೋರಿಸಿಕೊಟ್ಟವರು ನ್ಯೂಜೆರ್ಸಿಯ ಬಾಬ್ ಪೊಪೊವಿಕ್ಸ್. ಅದಕ್ಕೂ ಮೊದಲು 1950ರ ದಶಕದ ಕೊನೆಯಲ್ಲಿ ಲೆಫ್ಟಿ ಕ್ರೇ ಚೆಸಪೀಕ್‌ನ ಸ್ಟ್ರೈಪರ್‌ಗಾಗಿ ಕಟ್ಟಿದ 'ಡಿಸೀವರ್' ಇತ್ತು, ಇವತ್ತಿಗೂ ಒಳ್ಳೆಯ ಫ್ಲೈ, 1991ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೂ ಬಂತು. ಆದರೆ ಅದನ್ನು ಒಂದಡಿಗೆ ಎಳೆಯುವುದು ಕಷ್ಟ. ಪೊಪೊವಿಕ್ಸ್ ಅವರ 'ಹಾಲೋ ಫ್ಲೈ', ಆಮೇಲೆ 'ಬೀಸ್ಟ್' ಬಂದ ಮೇಲೆ ಬರೀ ಜಿಂಕೆ ಬಾಲದ ಕೂದಲಲ್ಲೇ ದೊಡ್ಡ ಮೀನಿನ ಆಕಾರ ತರಬಹುದು ಅಂತ ಗೊತ್ತಾಯಿತು. ಕೀಲಿನ ಕಡೆ ಹೆಚ್ಚು ಕೆಲಸ ಮಾಡಿದವರು ವರ್ಜೀನಿಯಾದ ಗೈಡ್ ಬ್ಲೇನ್ ಚಾಕ್ಲೆಟ್. ಅವರ 'ಗೇಮ್ ಚೇಂಜರ್' ನೋಡಿದರೆ ಬೆನ್ನುಮೂಳೆ ಹೇಗಿರುತ್ತದೋ ಹಾಗೆ ಸಣ್ಣ ಸಣ್ಣ ತಂತಿಯ ತುಂಡುಗಳ ಸರಪಳಿ. ಈ ಇಬ್ಬರ ಕೆಲಸವನ್ನೂ ಸೇರಿಸಿಕೊಂಡೇ ನಾನು ಕಟ್ಟುವುದು.

ಕೈಕೆಲಸಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಜಿಂಕೆ ಬಾಲ ಕೈಗೆ ತೆಗೆದುಕೊಳ್ಳಿ. ಬಾಲದ ಬುಡದ ಕೂದಲು ಒಳಗೆ ಪೊಳ್ಳು. ನೂಲು ಬಿಗಿದ ತಕ್ಷಣ ಛತ್ರಿಯ ಹಾಗೆ ಅರಳಿ ನಿಲ್ಲುತ್ತದೆ. ತುದಿಯ ಕಡೆಯ ಕೂದಲು ಗಟ್ಟಿ, ಅಷ್ಟಾಗಿ ಅರಳುವುದಿಲ್ಲ. ಅದಕ್ಕೇ ಉದ್ದನೆಯ ಮೇಲ್ಭಾಗದ ಕೂದಲು ಫ್ಲೈಯ ಬಾಲಕ್ಕೆ, ಬುಡದ್ದು ತಲೆಯ ಹತ್ತಿರಕ್ಕೆ. ಕತ್ತರಿಸಿದ ಮೇಲೆ ಕೂದಲಿನ ತುದಿ ಹಿಡಿದು ಬುಡವನ್ನು ಸಣ್ಣ ಬಾಚಣಿಗೆಯಿಂದ ಬಾಚಿ. ಹತ್ತಿಯಂಥ ಮೊಟಕು ಕೂದಲು ಉದುರುತ್ತದೆ. ನೀರು ಹೀರಿಕೊಂಡು ಕೂರುವುದು ಅದೇ, ಪೂರ್ತಿ ತೆಗೆಯಿರಿ. ಹಿಂದಿನ ತಂತಿಯ ತುಂಡಿಗೆ ಎರಡು ಬೆಂಕಿಕಡ್ಡಿ ಜೋಡಿಸಿದಷ್ಟು ದಪ್ಪದ ಕಟ್ಟು ಸಾಕು. ಮುಂದೆ ಮುಂದೆ ಬಂದ ಹಾಗೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ತಲೆಯ ಹತ್ತಿರವೂ ಪೆನ್ಸಿಲ್ಲಿಗಿಂತ ದಪ್ಪ ಬೇಡ. ಕಟ್ಟು ಕೈಗೆತ್ತಿಕೊಂಡಾಗ "ಇಷ್ಟು ಸಾಲದು" ಅನ್ನಿಸುತ್ತದೆ. ಅದರಲ್ಲೂ ಕಾಲುಭಾಗ ತೆಗೆದು ಪಕ್ಕಕ್ಕಿಡಿ.

ಈಗ ಕೂದಲನ್ನು ಉಲ್ಟಾ ಕಟ್ಟಬೇಕು. ತುದಿ ಮುಂದಕ್ಕೆ, ಕೊಕ್ಕೆಯ ಕಣ್ಣಿನ (ದಾರ ಕಟ್ಟುವ ತೂತಿನ) ಕಡೆಗೆ. ಬುಡ ಹಿಂದಕ್ಕೆ. ಎರಡು ಸುತ್ತು ನೂಲು ಸಡಿಲವಾಗಿ ಹಾಕಿ, ಬೆರಳಿನಿಂದ ಕೂದಲನ್ನು ಸುತ್ತಲೂ ಸಮವಾಗಿ ಹರಡಿ, ಆಮೇಲೆ ಬಿಗಿಯಿರಿ. ಮಲ್ಲಿಗೆ ಕಟ್ಟುವವರ ಕೈ ನೋಡಿದ್ದೀರಲ್ಲ, ಹೂವು ನಲುಗಬಾರದು, ಗಂಟು ಸಡಿಲ ಆಗಬಾರದು, ಅದೇ ಹದ ಇದಕ್ಕೂ ಬೇಕು. ಮಿಕ್ಕ ಬುಡ ಕತ್ತರಿಸಿ. ನೂಲನ್ನು ಕೂದಲಿನ ಮುಂದಕ್ಕೆ ತನ್ನಿ. ರೀಫಿಲ್ ತೆಗೆದ ಬಾಲ್‌ಪೆನ್ನಿನ ಖಾಲಿ ಕೊಳವೆಯನ್ನು ಮುಂದಿನಿಂದ ತೂರಿಸಿ ಕೂದಲನ್ನೆಲ್ಲ ಹಿಂದಕ್ಕೆ ತಳ್ಳಿ. ಕೂದಲು ಬಾಗಿದ ಜಾಗದ ಮುಂದೆ ನೂಲಿನದೇ ಸಣ್ಣ ಒಡ್ಡು ಕಟ್ಟಿ. ಈ ಒಡ್ಡೇ ಮುಖ್ಯ. ನಾಲ್ಕು ಸುತ್ತು ಹಾಕಿದರೆ ಕೂದಲು ಛತ್ರಿಯಂತೆ ಎದ್ದು ನಿಲ್ಲುತ್ತದೆ, ಇನ್ನೂ ಸುತ್ತಿದರೆ ಹಿಂದಕ್ಕೆ ಮಲಗುತ್ತದೆ. ಬೇಕಾಗಿರುವುದು ಅರ್ಧ ಬಿಚ್ಚಿದ ಛತ್ರಿ. ಮೇಲಿನಿಂದ ನೋಡಿದರೆ ಕೂದಲಿನ ಒಳಗೆ ಬೆಳಕು ಕಾಣಬೇಕು. ಕಾಣದಿದ್ದರೆ ಬಿಚ್ಚಿ ಮತ್ತೆ ಕಟ್ಟಿ.

ಇನ್ನು ಬಳುಕುವ ಪ್ರಶ್ನೆ. ಮೂರು ಕೀಲು ಇದ್ದ ಮಾತ್ರಕ್ಕೆ ಫ್ಲೈ ಬಳುಕುವುದಿಲ್ಲ. ತಲೆ ನೀರನ್ನು ಪಕ್ಕಕ್ಕೆ ತಳ್ಳಬೇಕು, ಆ ಕದಡಿದ ನೀರಲ್ಲಿ ತೆಳ್ಳಗಿನ ಹಿಂಭಾಗ ಆಡಬೇಕು. ನಿಮ್ಮ ಫ್ಲೈ ತಲೆಯಿಂದ ಬಾಲದವರೆಗೆ ಒಂದೇ ದಪ್ಪ ಇದ್ದರೆ ಹಿಂಭಾಗಕ್ಕೆ ಆಡಲು ಏನೂ ಉಳಿದಿರುವುದಿಲ್ಲ. ತಂತಿಯ ತುಂಡುಗಳೂ ಹಾಗೆಯೇ: ನಾನು ಹಿಂದೆ 10 ಮಿಲಿಮೀಟರ್, ಆಮೇಲೆ 15, ಕೊಕ್ಕೆಯ ಹತ್ತಿರ 20 ಬಳಸುತ್ತೇನೆ. ತುಂಡು ಗಿಡ್ಡ ಇದ್ದಷ್ಟೂ ಬಾಗು ನಯವಾಗಿ ಬರುತ್ತದೆ.

ಹೆಚ್ಚಿನವರ ಕೀಲು ಹಾಳಾಗುವುದು ಅಂಟಿನಿಂದ. ಕಟ್ಟಿ ಮುಗಿದ ಹಿಂದಿನ ತುಂಡಿನ ಕಣ್ಣನ್ನು ಮುಂದಿನ ತುಂಡಿನ ತೆರೆದ ಬಳೆಗೆ ಸೇರಿಸಿ, ನೂಲು ಸುತ್ತಿ ಬಳೆ ಮುಚ್ಚುತ್ತೇವೆ. ಆ ನೂಲು ಬಳೆಯ ಬಾಗಿನ ತನಕ ಹೋಗಬಾರದು. ಸೂಪರ್ ಗ್ಲೂ ಒಂದು ಹನಿ ಜಾಸ್ತಿಯಾದರೂ ಹರಿದು ಕೀಲಿಗೆ ಇಳಿದು ಅಲ್ಲೇ ಕಲ್ಲಾಗುತ್ತದೆ. ಎರಡು ಮೂರು ಮಿಲಿಮೀಟರ್ ಬರಿದಾಗಿ ಬಿಡಿ. ಮುಂದಿನ ತುಂಡಿನ ಕೂದಲು ಕೀಲಿನ ಮೇಲೆ ಸೆರಗಿನ ಹಾಗೆ ಬೀಳಬೇಕು, ಕೀಲಿನೊಳಗೆ ತುರುಕಿಕೊಳ್ಳಬಾರದು. ಪರೀಕ್ಷೆ ಸುಲಭ. ಮುಂದಿನ ತುಂಡನ್ನು ಅಡ್ಡಡ್ಡ ಹಿಡಿಯಿರಿ. ಹಿಂದಿನದು ತನ್ನ ಭಾರಕ್ಕೇ ಕೆಳಗೆ ಜೋಲಬೇಕು. ಜೋಲದೆ ನಿಂತರೆ ಆ ಕೀಲು ಸತ್ತಿದೆ ಅಂತ ಅರ್ಥ.

ಕೊಕ್ಕೆ ಒಂದೇ ಇರಲಿ, ಮುಂದೆ ಇರಲಿ, ಅಳತೆ 4/0ರಿಂದ 6/0. ಹಿಂದೆ ಇನ್ನೊಂದು ಬೇಡವಾ ಅಂತ ಕೇಳುತ್ತಾರೆ. ಬೇಡ. ದೊಡ್ಡ ಸ್ಟ್ರೈಪರ್ ಬಂಕರ್ ಮೀನನ್ನು ಹೆಚ್ಚಾಗಿ ತಲೆಯ ಕಡೆಯಿಂದ ನುಂಗುತ್ತದೆ. ಎರಡನೇ ಕೊಕ್ಕೆ ಇದ್ದರೆ ಕಿವಿರಿಗೋ ಕಣ್ಣಿಗೋ ಚುಚ್ಚುತ್ತದೆ, ಬಿಡಿಸುವಷ್ಟರಲ್ಲಿ ಮೀನು ಸುಸ್ತಾಗಿರುತ್ತದೆ. ಈ ಮೀನುಗಳ ಸಂಖ್ಯೆ ಈಗ ಚೆನ್ನಾಗಿಲ್ಲ. 2023ರಿಂದ ಕಡಲ ತೀರದಲ್ಲಿ 31 ಇಂಚಿಗಿಂತ ಉದ್ದದ ಮೀನು ಇಟ್ಟುಕೊಳ್ಳುವ ಹಾಗಿಲ್ಲ, 28ಕ್ಕಿಂತ ಚಿಕ್ಕದೂ ಇಲ್ಲ, ಒಬ್ಬರಿಗೆ ದಿನಕ್ಕೆ ಒಂದೇ. ಅಂದರೆ ಈ ದೊಡ್ಡ ಫ್ಲೈಗೆ ಬೀಳುವ ದೊಡ್ಡ ಮೀನನ್ನು ನೀವು ಬಿಡಲೇಬೇಕು. ಬಿಟ್ಟವುಗಳಲ್ಲೂ ಸುಮಾರು 9 ಶೇಕಡಾ ಆಮೇಲೆ ಸಾಯುತ್ತವೆ ಅಂತ ಮೀನುಗಾರಿಕೆ ಆಯೋಗದ ಲೆಕ್ಕ. ಮೊಟ್ಟೆ ಇಡುವ ದೊಡ್ಡ ಹೆಣ್ಣು ಮೀನುಗಳು ಅವು. ದಯವಿಟ್ಟು ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಲಗಿಸಿ. ಈ ಒಂದು ವಿಷಯದಲ್ಲಿ ನಾನು ಹಟ ಮಾಡುತ್ತೇನೆ.

ಕೊಕ್ಕೆಗೂ ಸರಪಳಿಗೂ ನಡುವಿನ ತಂತಿಯ ಕುಣಿಕೆ ಗಿಡ್ಡ ಇರಲಿ. ಉದ್ದ ಆದರೆ ಎಸೆಯುವಾಗ ಹಿಂಭಾಗ ಮಡಚಿ ಕೊಕ್ಕೆಗೆ ಸುತ್ತಿಕೊಳ್ಳುತ್ತದೆ. ತಲೆಗೆ ಸೀಸದ ಕಣ್ಣು ಹಾಕಬೇಡಿ, ಹಾಕಿದರೆ ಪಕ್ಕಕ್ಕೆ ಬಳುಕುವ ಬದಲು ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಅಂಟಿಸುವ ಪ್ಲಾಸ್ಟಿಕ್ ಕಣ್ಣು ಸಾಕು.

ಕಣ್ಣಿನ ಮಾತು ಬಂತು, ಅದಕ್ಕೇ ಒಂದು ಸಂಗತಿ. ಹಳೇ ಕಾಲದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ನವರು ಸಾಲ್ಮನ್ ಫ್ಲೈಗೆ ಕಣ್ಣಿನ ಹಾಗೆ ಕಟ್ಟುತ್ತಿದ್ದದ್ದು ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಕುತ್ತಿಗೆ ಗರಿ, ಮೇಣ ಹಚ್ಚಿದಂತೆ ಹೊಳೆಯುವ ಹಳದಿ ಚುಕ್ಕೆ ಇರುವಂಥದ್ದು. 1960ರ ದಶಕದ ಕೊನೆಗೆ ಭಾರತ ಅದರ ರಫ್ತು ನಿಲ್ಲಿಸಿತು, ಒಳ್ಳೆಯದೇ ಆಯಿತು. ಊರಲ್ಲಿರುವ ಓದುಗರಿಗೂ ಒಂದು ಮಾತು: 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಜಿಂಕೆ, ಕಡವೆಯ ಯಾವ ಭಾಗವನ್ನೂ ಮುಟ್ಟುವ ಹಾಗಿಲ್ಲ. ಕೂದಲು ಬೇಕಾದರೆ ಸಿಂಥೆಟಿಕ್ ಬಳಸಿ, ಅರಳುವುದು ಕಡಿಮೆ, ಆದರೆ ನೀರು ಹಿಡಿಯುವುದೂ ಕಡಿಮೆ.

ಕಟ್ಟಿ ಮುಗಿದ ಮೇಲೆ ಸೀದಾ ಕಡಲಿಗೆ ಹೋಗಬೇಡಿ. ಬಚ್ಚಲಿನ ಟಬ್ಬು ತುಂಬಿಸಿ. ಫ್ಲೈಯನ್ನು ಐದು ನಿಮಿಷ ಮುಳುಗಿಸಿಟ್ಟು, ಎರಡಡಿ ದಾರ ಕಟ್ಟಿ ಒಂದು ಗೇಣು ಎಳೆದು ತಟ್ಟನೆ ನಿಲ್ಲಿಸಿ. ಎಳೆಯುವಾಗ ಏನಾಗುತ್ತದೆ ಅಂತ ನೋಡಬೇಡಿ, ನಿಲ್ಲಿಸಿದಾಗ ನೋಡಿ. ತಲೆ ನಿಲ್ಲಬೇಕು, ಹಿಂಭಾಗ ಇನ್ನೂ ಮುಂದಕ್ಕೆ ಬರುತ್ತಾ ಇಡೀ ಮೈ ಪಕ್ಕಕ್ಕೆ ಬಾಗಿ ಹೊಟ್ಟೆ ತೋರಿಸಬೇಕು. ಗಾಯಗೊಂಡ ಬಂಕರ್ ತೋರಿಸುವುದು ಅದೇ. ಹೋದ ವರ್ಷ ಮೇ ತಿಂಗಳಲ್ಲಿ, ಬೆಳಗಿನ ಐದೂವರೆಗೆ, ಮೊಣಕಾಲು ನೀರಲ್ಲಿ ನಿಂತು ನಾನು ಎಳೆಯುತ್ತಿದ್ದಾಗ ಫ್ಲೈಯ ಹಿಂದೆ ಒಂದು ದೊಡ್ಡ ನೆರಳು ಬರುತ್ತಲೇ ಇತ್ತು, ಎಳೆದಷ್ಟೂ ಹಿಂದೆ, ಎಳೆದಷ್ಟೂ ಹಿಂದೆ. ಗಾಬರಿಗೆ ಕೈ ನಿಂತಿತು. ಫ್ಲೈ ಅಡ್ಡ ತಿರುಗಿತು. ನೀರು ಬಕೆಟ್ ಮಗುಚಿದ ಹಾಗೆ ಸದ್ದು ಮಾಡಿತು.

ನಿಮ್ಮ ಫ್ಲೈಯನ್ನು ಬಿಸಾಡಬೇಡಿ. ಬ್ಲೇಡಿನಿಂದ ನೂಲು ಕುಯ್ದು ಕೂದಲು ಬಿಚ್ಚಿ. ತಂತಿ ತುಂಡು, ಕೊಕ್ಕೆ ಎಲ್ಲ ಮತ್ತೆ ಬರುತ್ತವೆ. ಬಿಚ್ಚಿದ ಕೂದಲಿನಲ್ಲೇ ಎರಡು ಫ್ಲೈ ಆಗಬೇಕು, ಮೂರಾದರೆ ಇನ್ನೂ ಒಳ್ಳೆಯದು. ಕಟ್ಟಿ ಆದ ಮೇಲೆ ತಕ್ಕಡಿಗಿಟ್ಟು ನನಗೆ ಬರೆಯಿರಿ, ಒಣಗಿದಾಗಿನ ತೂಕ, ನೆನೆಸಿ ಒದರಿದ ಮೇಲಿನ ತೂಕ, ಎರಡೂ. ನೆನೆದದ್ದು 12 ಗ್ರಾಂ ಒಳಗೆ ಬಂದರೆ ಭುಜಕ್ಕೆ ಎಣ್ಣೆ ಹಚ್ಚುವ ಕೆಲಸ ಇರುವುದಿಲ್ಲ.