ಒಟಿ ಸೆಂಟರ್‌ನಲ್ಲಿ ಬರೀ ಆಟ ಆಡಿಸ್ತಾರೆ, ಇದಕ್ಕೆ ದುಡ್ಡು ಕೊಡಬೇಕಾ?

ಪ್ರಶ್ನೆ: ಮಗನಿಗೆ ಐದೂವರೆ ವರ್ಷ. ಪೆನ್ಸಿಲ್ ಸರಿಯಾಗಿ ಹಿಡಿಯಲ್ಲ, ಅಂಗಿ ಗುಂಡಿ ಹಾಕಿಕೊಳ್ಳಲು ಬರಲ್ಲ. ಡಾಕ್ಟರ್ ಆಕ್ಯುಪೇಷನಲ್ ಥೆರಪಿಗೆ (ಒಟಿ, ಅಂದರೆ ದಿನನಿತ್ಯದ ಕೆಲಸ ತಾನೇ ಮಾಡಿಕೊಳ್ಳಲು ಕಲಿಸುವ ಚಿಕಿತ್ಸೆ) ಕಳಿಸಿದ್ದಾರೆ. ಅಲ್ಲಿ ನೋಡಿದರೆ ಬರೀ ಉಯ್ಯಾಲೆ, ಚೆಂಡು. ಬರೆಯಲು ಕಲಿಸುವುದು ಯಾವಾಗ?

ಉತ್ತರ: ಬರೆಯುವುದು ಬೆರಳುಗಳ ಕೆಲಸ ಮಾತ್ರ ಅಲ್ಲ. ಬೆನ್ನು ನೆಟ್ಟಗಿರಬೇಕು, ಭುಜ ಅಲುಗಾಡದೆ ತೋಳಿಗೆ ಆಸರೆ ಕೊಡಬೇಕು. ಕುರ್ಚಿಯಲ್ಲಿ ಕೂತರೆ ಜಾರಿಹೋಗುವ ಮಗುವಿನ ಕೈಲಿ ಕಾಪಿ ಎಷ್ಟು ಬರೆಸಿದರೂ ಕೈ ನೋಯುತ್ತದೆ ಅಷ್ಟೆ. ಉಯ್ಯಾಲೆ ಮೇಲೆ ಬೋರಲು ಮಲಗಿಸಿ ಚೆಂಡು ಎತ್ತಿಸುವುದು ಬೆನ್ನು, ಭುಜ ಗಟ್ಟಿಯಾಗಲಿ ಅಂತ. ಥೆರಪಿಯಲ್ಲಿ ತುಂಡು ಬಳಪ ಕೊಡುವುದಕ್ಕೂ ಕಾರಣವಿದೆ. ಉದ್ದ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯಬಹುದು, ತುಂಡು ಬಳಪವನ್ನು ಬೆರಳ ತುದಿಯಲ್ಲೇ ಹಿಡಿಯಬೇಕು.

ಆದರೂ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಉಯ್ಯಾಲೆಯಲ್ಲೇ ತಿಂಗಳುಗಟ್ಟಲೆ ಕಳೆದು ಗುಂಡಿಯ ಮಾತೇ ಬರದಿದ್ದರೆ ಧಾರಾಳವಾಗಿ ಕೇಳಿ. ಇಂಥ ಸೆಂಟರ್‌ಗಳಲ್ಲಿ ಕೇಳಿಬರುವ ಸೆನ್ಸರಿ ಇಂಟಿಗ್ರೇಷನ್ (ಉಯ್ಯಾಲೆಯಂಥ ಆಟಗಳ ಮೂಲಕ, ಇಂದ್ರಿಯಗಳಿಂದ ಬರುವ ಮಾಹಿತಿಯನ್ನು ಮೆದುಳು ಹೊಂದಿಸಿಕೊಳ್ಳಲು ನೆರವಾಗುವ) ವಿಧಾನವನ್ನು ರೂಪಿಸಿದ್ದು ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್, 1960-70ರ ದಶಕಗಳಲ್ಲಿ. ಅದರಿಂದ ಎಷ್ಟು ಪ್ರಯೋಜನ ಎಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಗುಂಡಿ ಹಾಕಲು ಬರಬೇಕಾದರೆ ಗುಂಡಿಯನ್ನೇ ಹಾಕಿ ಕಲಿಯಬೇಕು ಅನ್ನುವುದಕ್ಕೆ ಅಷ್ಟು ತಕರಾರಿಲ್ಲ.

ಅದಕ್ಕೆ ಥೆರಪಿಸ್ಟ್‌ಗಳು ಬಳಸುವ ಜಾಣ ಉಪಾಯವೊಂದಿದೆ: ಕೊನೆಯಿಂದ ಶುರು ಮಾಡುವುದು. ದೊಡ್ಡ ಗುಂಡಿಯ ಅಂಗಿಯನ್ನು ಮೇಜಿನ ಮೇಲೆ ಹರಡಿ. ಗುಂಡಿಯನ್ನು ನೀವೇ ಅರ್ಧ ತೂರಿಸಿ, ಆಚೆ ಎಳೆಯುವುದನ್ನು ಮಾತ್ರ ಮಗನಿಗೆ ಬಿಡಿ. ಅದು ಕೈಗೆ ಹತ್ತಿದ ಮೇಲೆ ತೂರಿಸುವುದನ್ನೂ ಅವನಿಗೇ ಕೊಡಿ. ಪ್ರತಿ ಸಲ ಕೆಲಸ ಮುಗಿಸಿದವನು ಅವನೇ, ಹಾಗಾಗಿ ಬೇಜಾರು ಕಡಿಮೆ. ಬೆಳಗ್ಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿರುವಾಗ ಮಾತ್ರ ಈ ಪಾಠ ಬೇಡ!

ವಾರಕ್ಕೆ ಒಂದೆರಡು ಗಂಟೆ ಥೆರಪಿಸ್ಟ್ ಹತ್ತಿರ, ಉಳಿದದ್ದೆಲ್ಲ ಮನೆಯಲ್ಲೇ ಅಲ್ವಾ? ಅದಕ್ಕೇ ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಬಾಗಿಲು ಹಾಕುವ ಸೆಂಟರ್ ನನಗೆ ಇಷ್ಟವಾಗುವುದಿಲ್ಲ. ಮನೆಯಲ್ಲಿ ಏನು ಮಾಡಿಸಬೇಕೆಂದು ಅವರು ನಿಮಗೆ ತೋರಿಸಿಕೊಡಬೇಕು. ಮಗ ಚಪಾತಿ ಹಿಟ್ಟು ನಾದಲಿ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಹಿತುಕಲಿ. ಹೆಬ್ಬೆರಳು, ತೋರುಬೆರಳಿಗೆ ಅದಕ್ಕಿಂತ ಒಳ್ಳೆಯ ಕಸರತ್ತು ದುಬಾರಿ ಕಿಟ್‌ಗಳಲ್ಲೂ ನನಗೆ ಕಂಡಿಲ್ಲ.

ಖರ್ಚು ಭಾರವಾದರೆ ನಿಮ್ಮ ಜಿಲ್ಲೆಯ ಡಿಇಐಸಿಯನ್ನು (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಸರ್ಕಾರಿ ಜಿಲ್ಲಾ ಕೇಂದ್ರ) ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ನಡೆಯುವ ಈ ಕೇಂದ್ರಗಳಲ್ಲಿ ಸೇವೆ ಉಚಿತ. ಒಟಿ ಥೆರಪಿಸ್ಟ್ ಇದ್ದಾರಾ, ಯಾವ ದಿನ ಸಿಗುತ್ತಾರೆ ಎಂದು ಮೊದಲೇ ಕೇಳಿಕೊಂಡು ಹೋಗಿ.