ಎಸ್ಟೆ ಆರ್ಗನ್ ಎಷ್ಟು ಹಳೆಯದು? ಒಳಗಿನ ತಾರೀಖನ್ನು ನಂಬಬಹುದೇ?

ಪ್ರಶ್ನೆ: ನಮ್ಮ ಹಳೇ ಎಸ್ಟೆ ಆರ್ಗನ್ನಿನೊಳಗೆ (ಅಮೆರಿಕದ ಎಸ್ಟೆ ಕಂಪನಿಯ, ಹಾರ್ಮೋನಿಯಂನಂತೆ ರೀಡಿನಿಂದ ನುಡಿಯುವ ವಾದ್ಯ) ಪೇಟೆಂಟ್ ತಾರೀಖು ಅಚ್ಚಾಗಿದೆ. ತಯಾರಾದ ವರ್ಷ ಅದೇನಾ?

ಅಲ್ಲ. ಅದು ಆ ಭಾಗದ ವಿನ್ಯಾಸಕ್ಕೆ ಹಕ್ಕು ಸಿಕ್ಕ ದಿನ. ಅದೇ ಅಚ್ಚನ್ನು ಮುಂದೆಯೂ ವರ್ಷಗಟ್ಟಲೆ ಒತ್ತುತ್ತಿದ್ದರು. ನಾಲ್ಕೈದು ತಾರೀಖು ಕಂಡರೆ ತೀರಾ ಈಚಿನದನ್ನು ಹಿಡಿಯಿರಿ. ವಾದ್ಯ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅದರಿಂದ ಹೇಳಬಹುದು. ವಯಸ್ಸು ತಿಳಿಯಲು ಸೀರಿಯಲ್ ನಂಬರ್ ಬೇಕು. ಗೋಡೆಯಿಂದ ಈಚೆಗೆ ಎಳೆದು, ಹಿಂಬದಿಯ ಹಲಗೆಯನ್ನು ಟಾರ್ಚಿನ ಓರೆ ಬೆಳಕಿನಲ್ಲಿ ನೋಡಿ. ಮರಕ್ಕೆ ಒತ್ತಿದ ಅಂಕಿ ನೇರ ಬೆಳಕಿಗೆ ಕಾಣುವುದಿಲ್ಲ. ಹಲಗೆ ಬದಲಾಗಿರುವ ಅನುಮಾನವಿದ್ದರೆ ಒಳಗಿನ ಮರದ ಮೇಲೂ ಅಂಕಿ, ಪೆನ್ಸಿಲ್ ಬರಹ ಹುಡುಕಿ.

ನಂಬರ್ ಆರಂಕಿಯದಾಗಿದ್ದರೆ ಗಾಬರಿ ಬೇಡ. ಈ ಕಂಪನಿ ಮಾಡಿದ ರೀಡ್ ಆರ್ಗನ್‌ಗಳೇ (ಗಾಳಿಗೆ ಕಂಪಿಸುವ ಹಿತ್ತಾಳೆ ನಾಲಿಗೆಗಳಿಂದ ನುಡಿಯುವಂಥವು) 5 ಲಕ್ಷಕ್ಕೂ ಹೆಚ್ಚು. ಅಮೆರಿಕದ ವರ್ಮಾಂಟ್ ರಾಜ್ಯದ ಬ್ರ್ಯಾಟಲ್‌ಬರೋ ಊರಿನಲ್ಲಿ ಇದರ ಬೇರು 1846ರ ಒಂದು ಚಿಕ್ಕ ಕಾರ್ಖಾನೆಗೆ ಹೋಗುತ್ತದೆ. ಜೇಕಬ್ ಎಸ್ಟೆ ಮೂಲತಃ ಪ್ಲಂಬರ್. 1850ರ ದಶಕದಲ್ಲಿ ಈ ವ್ಯಾಪಾರಕ್ಕೆ ಇಳಿದವನು. 1857ರಲ್ಲಿ ಬೆಂಕಿ, 1864ರಲ್ಲಿ ಮತ್ತೆ ಬೆಂಕಿ, 1869ರಲ್ಲಿ ನೆರೆ. ಕೊನೆಗೆ 1870ರ ಹೊತ್ತಿಗೆ ಎತ್ತರದ ಬರ್ಜ್ ಸ್ಟ್ರೀಟಿಗೆ ಹೋಗಿ, ಮರದ ಕಟ್ಟಡಗಳ ಗೋಡೆಗೂ ಕಪ್ಪು ಸ್ಲೇಟ್ ಬಿಲ್ಲೆ ಹೊದಿಸಿಬಿಟ್ಟರು, ಕಿಡಿ ಹಾರಿದರೂ ಹತ್ತದಿರಲಿ ಎಂದು. ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ. 1901ರಿಂದ ಕೊಳವೆಗಳಲ್ಲಿ ಗಾಳಿ ಊದಿ ನುಡಿಯುವ ಪೈಪ್ ಆರ್ಗನ್ನೂ ಮಾಡಿದರು. ಆದರೆ ಮನೆಮನೆಯ ಹಜಾರ ಆಗಲೇ ಪಿಯಾನೋ, ಗ್ರಾಮಫೋನುಗಳ ಪಾಲಾಗುತ್ತಿತ್ತು. 1960ರಲ್ಲಿ ಬಾಗಿಲು ಮುಚ್ಚಿತು.

ವಯಸ್ಸು ಗೊತ್ತಾದ ಮೇಲೆ ನುಡಿಸುವ ಆಸೆ ಬರುವುದು ಸಹಜ. ನಮ್ಮ ಹಾರ್ಮೋನಿಯಂ ತಿದಿ ಗಾಳಿಯನ್ನು ರೀಡಿನ ಮೂಲಕ ಹೊರಗೆ ನೂಕುತ್ತದೆ. ಎಸ್ಟೆ ಒಳಗೆ ಹೀರುತ್ತದೆ. ಹಾಗಾಗಿ ಕೋಣೆಯ ದೂಳೆಲ್ಲ ರೀಡಿಗೇ ಬರುತ್ತದೆ. ಒಂದು ಕೀ ಮೂಕವಾಗಿದ್ದರೆ ಹೆಚ್ಚಿನ ಸಲ ಹಿತ್ತಾಳೆಯ ನಾಲಿಗೆಗೂ ಚೌಕಟ್ಟಿಗೂ ನಡುವೆ ಕಸ ಕೂತಿರುತ್ತದೆ. ರೀಡನ್ನು ಕೊಕ್ಕೆಯಿಂದ ನೇರವಾಗಿ ಎಳೆದು, ಮೆತ್ತನೆ ಬ್ರಷ್ಷಿನಲ್ಲಿ ಒರೆಸಿ, ಅದೇ ಗೂಡಿಗೆ ಹಾಕಿ. ಎರಡು ರೀಡನ್ನು ಒಟ್ಟಿಗೆ ತೆಗೆಯಬೇಡಿ, ಅದಲುಬದಲಾದರೆ ಹುಡುಕುವುದೇ ಒಂದು ದಿನ. ಎಲ್ಲ ಕೀಗಳೂ ಸೊರಗಿದ್ದರೆ ರೀಡಿನದಲ್ಲ, ತಿದಿಯ ರಬ್ಬರ್ ಬಟ್ಟೆಯ ದೋಷ. ಅದು ಮಡಿಕೆಯಲ್ಲಿ ಒಣಗಿ ಸೀಳುತ್ತದೆ. ಮೇಲೆ ಟೇಪು ಅಂಟಿಸಿದರೆ ಪಕ್ಕದಲ್ಲೇ ಇನ್ನೊಂದು ಸೀಳು, ಬಟ್ಟೆಯನ್ನೇ ಬದಲಿಸಿ. ಪ್ರಾಣಿಗಳ ಚರ್ಮದಿಂದ ಮಾಡಿದ, ಕಾಯಿಸಿ ಹಚ್ಚುವ ಹಳೇ ಬಗೆಯ ಅಂಟನ್ನೇ ಬಳಸಿ, ಬಿಸಿ ಮತ್ತು ತೇವ ತಾಕಿಸಿದರೆ ಮುಂದೆ ಬಿಚ್ಚಬಹುದು.

ಮೊಬೈಲಿನ ಟ್ಯೂನರ್ ತೋರಿಸುವ 440ಕ್ಕೆ (ಸೆಕೆಂಡಿಗೆ 440 ಕಂಪನ, ಇಂದಿನ ಶ್ರುತಿಯ ಅಳತೆ) ಶ್ರುತಿ ಕೂಡದಿದ್ದರೆ ಅರ ಎತ್ತಿಕೊಳ್ಳಬೇಡಿ. ವಾದ್ಯವನ್ನು ಅದರ ಕಾಲದ ಬೇರೆ ಶ್ರುತಿಗೆ ಕೂಡಿಸಿದ್ದಿರಬಹುದು. ಎಸ್ಟೆಯ ಅಳಿಯ ಲೀವೈ ಫುಲ್ಲರ್ ಶ್ರುತಿಕವೆಗಳನ್ನು (ಟ್ಯೂನಿಂಗ್ ಫೋರ್ಕ್) ಕೂಡಿಡುತ್ತಿದ್ದ, ಮುಂದೆ ರಾಜ್ಯದ ಗವರ್ನರ್ ಕೂಡ ಆದ ಮನುಷ್ಯ. 1891ರಲ್ಲಿ ಅಮೆರಿಕದ ಪಿಯಾನೋ ತಯಾರಕರು 435ನ್ನು ಒಪ್ಪಿಕೊಂಡದ್ದರ ಹಿಂದೆ ಅವನ ದುಡಿಮೆಯೂ ಇತ್ತು. ನಾಲಿಗೆಯ ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಉಜ್ಜಿಹೋದ ಹಿತ್ತಾಳೆ ಮಾತ್ರ ವಾಪಸು ಬರುವುದಿಲ್ಲ.