ಎಸ್‌ಆರ್-22 ಮುಗಿದರೂ ಪ್ರೀಮಿಯಂ ಯಾಕೆ ಇಳಿಯಲಿಲ್ಲ?

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗರಿಂದ ನನಗೆ ಪದೇ ಪದೇ ಬರುವ ಫೋನ್ ಇದು. "ಸಾರ್, ಮೂರು ವರ್ಷ ಆಯ್ತು, ಎಸ್‌ಆರ್-22 ಮುಗೀತು. ಕಾರ್ ಇನ್ಶೂರೆನ್ಸ್ ರಿನ್ಯೂವಲ್ ಬಿಲ್ ನೋಡಿದ್ರೆ ಹಾಗೇ ಇದೆ. ಕಂಪನಿಯವರು ಮೋಸ ಮಾಡ್ತಿದ್ದಾರೆ ಅಲ್ವಾ?"

ಸಾಮಾನ್ಯವಾಗಿ ಮೋಸ ಇರುವುದಿಲ್ಲ. ಎಸ್‌ಆರ್-22 ಇನ್ಶೂರೆನ್ಸೇ ಅಲ್ಲ. "ಇವರಿಗೆ ಪಾಲಿಸಿ ಇದೆ, ನಿಂತರೆ ತಿಳಿಸುತ್ತೇವೆ" ಅಂತ ಕಂಪನಿ ಡಿಎಂವಿಗೆ (ನಮ್ಮ ಆರ್‌ಟಿಒ ತರದ ರಾಜ್ಯ ಇಲಾಖೆ) ಕಳಿಸುವ ಪ್ರಮಾಣಪತ್ರ, ಅಷ್ಟೇ. ಅದಕ್ಕೆ ತೆಗೆದುಕೊಳ್ಳುವ ಶುಲ್ಕ ಸಣ್ಣದು. ನಿಮ್ಮ ಪ್ರೀಮಿಯಂ ಏರಿದ್ದು ಈ ಕಾಗದದಿಂದಲ್ಲ. ಈ ಕಾಗದ ಬೇಕಾಗುವಂತೆ ಏನು ನಡೆಯಿತೋ, ಅದರಿಂದ. ಕಾಗದದ ಅವಧಿಯೇ ಬೇರೆ, ನಡೆದ ತಪ್ಪು ರೆಕಾರ್ಡಿನಲ್ಲಿ ಲೆಕ್ಕಕ್ಕೆ ಬರುವ ಅವಧಿಯೇ ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಜನ ಎರಡನ್ನೂ ಒಂದೇ ಮಾಡಿಕೊಳ್ಳುತ್ತಾರೆ. ಅದಕ್ಕೇ ಇಬ್ಬರನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ಮೊದಲನೆಯವರು ಓಕ್‌ಲ್ಯಾಂಡ್‌ನವರು. ಕಂತು ಕಟ್ಟದೆ ಪಾಲಿಸಿ ನಿಂತುಹೋಗಿತ್ತು, ಅದೇ ಸಮಯಕ್ಕೆ ಮುಂದಿನ ಕಾರಿಗೆ ಗುದ್ದಿದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಇನ್ಶೂರೆನ್ಸ್ ಇಲ್ಲದೆ ಅಪಘಾತ ಆದರೆ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ 4 ವರ್ಷದವರೆಗೆ ಅಮಾನತಾಗಬಹುದು. ಒಂದು ವರ್ಷ ಕಳೆದ ಮೇಲೆ ಎಸ್‌ಆರ್-22 ಕೊಟ್ಟು, ಉಳಿದ 3 ವರ್ಷ ಅದು ಬೀಳದಂತೆ ನೋಡಿಕೊಂಡರೆ ಗಾಡಿ ಓಡಿಸಬಹುದು. ಎರಡನೆಯವನು ಸ್ಯಾನ್ ಹೋಸೆಯಲ್ಲಿರುವ ದಾವಣಗೆರೆಯ ಹುಡುಗ. ಕುಡಿದು ಓಡಿಸಿ ಸಿಕ್ಕಿಬಿದ್ದ, ಅಂದರೆ ಡಿಯುಐ. ಅವನಿಗೂ 3 ವರ್ಷ ಎಸ್‌ಆರ್-22. ಇಬ್ಬರದೂ ಹೆಚ್ಚುಕಮ್ಮಿ ಒಟ್ಟಿಗೇ ಮುಗಿಯಿತು.

ಮುಂದಿನದು ಗಮನಿಸಿ. ಈ ರಾಜ್ಯದ ಜನ 1988ರಲ್ಲಿ ಪ್ರಾಪೊಸಿಷನ್ 103 ಅನ್ನುವ ಇನ್ಶೂರೆನ್ಸ್ ಕಾಯ್ದೆಗೆ ಮತ ಹಾಕಿ ಗೆಲ್ಲಿಸಿದರು. ಅದರಂತೆ 'ಗುಡ್ ಡ್ರೈವರ್' ಆದವರಿಗೆ ದರ ಕನಿಷ್ಠ ಶೇ. 20ರಷ್ಟು ಕಡಿಮೆ ಇರಬೇಕು. ಅರ್ಹತೆ ಇರುವವರನ್ನು ಕಂಪನಿ ಬೇಡ ಅಂತ ವಾಪಸ್ ಕಳಿಸುವಂತಿಲ್ಲ. ಮುಖ್ಯವಾಗಿ ನೋಡುವುದು ಹಿಂದಿನ 3 ವರ್ಷ: ಲೈಸೆನ್ಸ್ ಇತ್ತಾ, ಒಂದಕ್ಕಿಂತ ಜಾಸ್ತಿ ಪಾಯಿಂಟ್ (ತಪ್ಪಿಗೆ ರೆಕಾರ್ಡಿನಲ್ಲಿ ಬೀಳುವ ಅಂಕ) ಬಿದ್ದಿದೆಯಾ ಅಂತ. ಓಕ್‌ಲ್ಯಾಂಡ್‌ನವರು ಈ ಸಾಲಿಗೆ ಬಂದಿದ್ದರು. ಆದರೆ ಹಳೇ ಕಂಪನಿ ಬಿಟ್ಟು ಬೇರೆಲ್ಲೂ ವಿಚಾರಿಸಿರಲೇ ಇಲ್ಲ! ಡಿಯುಐಗೆ ಮಾತ್ರ ಲೆಕ್ಕ 10 ವರ್ಷ. ಹುಡುಗನ ಕೈಯಲ್ಲಿದ್ದ ಕಾಗದ 3 ವರ್ಷಕ್ಕೆ ಮುಗಿಯಿತು, ಗುಡ್ ಡ್ರೈವರ್ ರಿಯಾಯಿತಿಗೆ ಇನ್ನೂ ವರ್ಷಗಟ್ಟಲೆ ಕಾಯಬೇಕು. ಅವನ ಅಮ್ಮ ದಾವಣಗೆರೆಯಿಂದ ಫೋನ್ ಮಾಡಿ, "ದಂಡ ಎಷ್ಟಾದ್ರೂ ಆಗ್ಲಿ, ಕಟ್ಟಿ ಮುಗಿಸೋಕಾಗಲ್ವಾ ಸಾರ್?" ಅಂದರು. ಇಲ್ಲಮ್ಮ, ಇದು ದುಡ್ಡು ಕಟ್ಟಿದರೆ ಅಳಿಸಿಹೋಗುವ ರೆಕಾರ್ಡ್ ಅಲ್ಲ ಅಂತ ಹೇಳುವಾಗ ನನಗೂ ಸಂಕಟವಾಯಿತು. (ಡಿಯುಐಯಿಂದ ವೀಸಾಕ್ಕೂ ತೊಂದರೆ ಬರಬಹುದು. ಅದನ್ನು ವಕೀಲರ ಹತ್ತಿರವೇ ಕೇಳಿ.)

ಹಾಗಾಗಿ ಕಂಪನಿಯ ಮೇಲೆ ರೇಗುವ ಮುಂಚೆ ಡಿಎಂವಿ ವೆಬ್‌ಸೈಟಿನಿಂದ ನಿಮ್ಮ ಡ್ರೈವಿಂಗ್ ರೆಕಾರ್ಡ್ ತೆಗೆಸಿಕೊಳ್ಳಿ. ಖರ್ಚು ತೀರಾ ಕಡಿಮೆ. ಎಸ್‌ಆರ್-22 ಎಂದಿನವರೆಗೆ ಬೇಕು ಅನ್ನುವುದನ್ನೂ ಡಿಎಂವಿಯನ್ನೇ ಕೇಳಿ. ಪೊಲೀಸರು ಹಿಡಿದ ದಿನದಿಂದ ನೀವೇ ಬೆರಳು ಮಡಚಿ ಎಣಿಸಬೇಡಿ. ಹಾಗೆ ಎಣಿಸಿದವರೊಬ್ಬರು ಅವಧಿಗೆ ಮೊದಲೇ ಪಾಲಿಸಿ ರದ್ದು ಮಾಡಿಸಿದರು. ಕಂಪನಿಯಿಂದ ಡಿಎಂವಿಗೆ ಎಸ್‌ಆರ್-26 ಹೋಯಿತು, ಅಂದರೆ ಫೈಲಿಂಗ್ ನಿಂತಿದೆ ಅನ್ನುವ ಸೂಚನೆ. ಲೈಸೆನ್ಸ್ ಮತ್ತೆ ಅಮಾನತಾಯಿತು. ಅವಧಿ ಮುಗಿದದ್ದು ಖಚಿತವಾದ ಮೇಲೂ ಹೊಸ ಪಾಲಿಸಿ ಕೈಗೆ ಬರುವವರೆಗೆ ಹಳೆಯದನ್ನು ಮುಟ್ಟಬೇಡಿ. ಪಾಲಿಸಿಗಳು ಸಾಮಾನ್ಯವಾಗಿ ರಾತ್ರಿ 12:01ಕ್ಕೆ ಶುರುವಾಗುತ್ತವೆ. ಹಳೆಯದು ನಿಲ್ಲುವ ದಿನವೇ ಹೊಸದು ಶುರುವಾಗಲಿ.

ಇನ್ನು ಊರಿನ ವಿಷಯ. ಓಕ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದರ ಜಾಸ್ತಿ, ನಿಜ. ಅದಕ್ಕೆ ಟ್ರೇಸಿಯಲ್ಲಿರುವ ಭಾವನ ಮನೆ ವಿಳಾಸ ಕೊಡುವವರಿದ್ದಾರೆ. ದಯವಿಟ್ಟು ಬೇಡ. ರಾತ್ರಿ ಕಾರು ಎಲ್ಲಿ ನಿಲ್ಲುತ್ತದೋ ಅದೇ ವಿಳಾಸ ಕೊಡಬೇಕು. ಸುಳ್ಳು ಅಂತ ಗೊತ್ತಾದರೆ ಕ್ಲೇಮ್ ಕೈತಪ್ಪಬಹುದು. ಈ ರಾಜ್ಯದಲ್ಲಿ ಪಿನ್‌ಕೋಡ್‌ಗಿಂತ ಹೆಚ್ಚು ತೂಕ ಇರಬೇಕಾದದ್ದು ಮೂರಕ್ಕೆ: ನಿಮ್ಮ ರೆಕಾರ್ಡ್, ವರ್ಷಕ್ಕೆ ಓಡಿಸುವ ಮೈಲು, ಓಡಿಸಿದ ಅನುಭವ. ಕ್ರೆಡಿಟ್ ಸ್ಕೋರ್ ಇಲ್ಲಿ ಲೆಕ್ಕಕ್ಕೇ ಇಲ್ಲ. ಆದ್ದರಿಂದ ಮೈಲು ಸರಿಯಾಗಿ ಹೇಳಿ. ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗುವವರ ಪಾಲಿಸಿಯಲ್ಲಿ ಇನ್ನೂ ಕೋವಿಡ್‌ಗೆ ಮುಂಚಿನ ಮೈಲೇ ಇರುವುದನ್ನು ನೋಡಿದ್ದೇನೆ. ಸುಮ್ನೆ ಜಾಸ್ತಿ ಕಟ್ಟುತ್ತಿರುತ್ತಾರೆ.

ಅಗ್ಗ ಆಗಲಿ ಅಂತ ಕನಿಷ್ಠ ಕವರೇಜಿಗೆ ಇಳಿಯುವುದು ನನಗೆ ಹಿಡಿಸುವುದಿಲ್ಲ. 2025ರ ಜನವರಿ 1ರಿಂದ ಆ ಮಿತಿ 30/60/15ಕ್ಕೆ ಏರಿದೆ. ಅಂದರೆ ಸಾವಿರ ಡಾಲರ್ ಲೆಕ್ಕದಲ್ಲಿ ಎದುರಿನವರಲ್ಲಿ ಪೆಟ್ಟಾದ ಒಬ್ಬರಿಗೆ 30, ಒಂದು ಅಪಘಾತದಲ್ಲಿ ಪೆಟ್ಟಾದವರೆಲ್ಲರಿಗೂ ಸೇರಿ 60, ಆಸ್ತಿಗೆ 15. ಆದರೂ ಎದುರಿನವರ ಕಾರು, ಆಸ್ತಿಗೆ ಸಿಗುವುದು 15,000 ಡಾಲರ್ ಮಾತ್ರ. ಸಿಗ್ನಲ್‌ನಲ್ಲಿ ಹೊಸ ಕಾರೊಂದಕ್ಕೆ ಗುದ್ದಿದರೆ ಅದು ಸಾಲದೇ ಹೋಗಬಹುದು. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಡಿಡಕ್ಟಿಬಲ್ (ನಿಮ್ಮ ಕಾರಿನ ರಿಪೇರಿಗೆ ಮೊದಲು ನೀವೇ ಹಾಕುವ ಮೊತ್ತ) ಏರಿಸಿ ಪ್ರೀಮಿಯಂ ಇಳಿಸುವುದು ವಾಸಿ.

ಡಲ್ಲಾಸ್‌ನ ಗೆಳೆಯರ ಸಲಹೆಯನ್ನು ಇಲ್ಲಿಗೆ ತರಬೇಡಿ. ಟೆಕ್ಸಾಸ್‌ನಲ್ಲಿ ಎಸ್‌ಆರ್-22 ಸಾಮಾನ್ಯವಾಗಿ 2 ವರ್ಷ, ಕ್ರೆಡಿಟ್ ಸ್ಕೋರನ್ನೂ ನೋಡುತ್ತಾರೆ. ನ್ಯೂಯಾರ್ಕ್‌ನಲ್ಲಿ ಎಸ್‌ಆರ್-22 ಪದ್ಧತಿಯೇ ಇಲ್ಲ.

ದಾವಣಗೆರೆಯ ಹುಡುಗನಿಗೂ ದಾರಿ ಇಲ್ಲದಿಲ್ಲ. ಹಳೆಯ ಡಿಯುಐಯನ್ನು ಎಲ್ಲ ಕಂಪನಿಗಳೂ ಒಂದೇ ತರ ನೋಡುವುದಿಲ್ಲ. ಅದಕ್ಕೇ ಪ್ರತಿ ರಿನ್ಯೂವಲ್‌ಗೆ ಮೂರು ನಾಲ್ಕು ವಾರ ಮುಂಚೆ ನಾಲ್ಕು ಕಡೆ ಕೋಟ್ ತೆಗೆಸುತ್ತೇವೆ. ಈಗ ಅವನು ಬೆರ್ರಿಯೆಸ್ಸಾದಲ್ಲಿ ಬಾರ್ಟ್ ರೈಲು ಹತ್ತಿ ಕೆಲಸಕ್ಕೆ ಹೋಗುತ್ತಾನೆ. ವರ್ಷದ ಮೈಲು ಅರ್ಧಕ್ಕಿಳಿದಿದೆ, ಈ ಸಲದ ಬಿಲ್ಲೂ ಸ್ವಲ್ಪ ಇಳಿಯಿತು.